ಅಕ್ಕನಿಗೆ ನಾನು ಓದಿದ ಕೊನೆಯ ಅಧ್ಯಾಯ

ಆ ಕಾದಂಬರಿ ಬರೆದವನ ಮೇಲೆ ನನಗೆ ಬಹಳ ದಿನ ಸಿಟ್ಟಿತ್ತು. ಹೆಂಡತಿಗೆ ತಲೆ ಕೆಟ್ಟಿದೆಯೆಂದು ಅವಳನ್ನೇ ನಂಬಿಸುವ ಗಂಡನ ಕಥೆ ಅದು. ಅವಳಿಟ್ಟ ಬೀಗದಕೈಯನ್ನು ಬೇರೆ ಕಡೆ ಇಡುತ್ತಾನೆ, ಅವಳು ಮಾಡಿದ ಸಾರಿಗೆ ಮತ್ತೊಮ್ಮೆ ಉಪ್ಪು ಹಾಕುತ್ತಾನೆ, ಆಮೇಲೆ ತಲೆ ಸವರಿ ‘ಪಾಪ, ನಿನಗೆ ನೆನಪಿಲ್ಲ’ ಎನ್ನುತ್ತಾನೆ. ಒಂದು ದಿನ ಅವರ ಹಸುಗೂಸು ನೀರಿನ ತೊಟ್ಟಿಯಲ್ಲಿ ಸತ್ತು ಸಿಗುತ್ತದೆ. ಅದೂ ನಿನ್ನದೇ ಕೆಲಸ ಎಂದು ಅವಳನ್ನು ನಂಬಿಸುತ್ತಾನೆ. ಆಸ್ತಿಯ ಆಸೆಗಲ್ಲ, ಇನ್ನೊಬ್ಬ ಹೆಂಗಸಿಗಾಗಿಯೂ ಅಲ್ಲ. ಅವಳು ತನ್ನ ಮೇಲೆ ತಾನೇ ಅನುಮಾನಪಡುವುದನ್ನು ಕುಳಿತು ನೋಡುವುದು ಅವನಿಗೆ ಇಷ್ಟ. ಇಂಥ ಹೊಲಸನ್ನು ಯಾಕೆ ಬರೆಯಬೇಕು, ಅಚ್ಚು ಹಾಕಿ ಯಾಕೆ ಮಾರಬೇಕು ಎಂದು ನಾನು ಕಂಡವರ ಮುಂದೆಲ್ಲ ಬೈದಿದ್ದೇನೆ. ಬರೆದವನು ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ದರ್ಜಿಯೊಬ್ಬರ ಅಂಗಡಿಯಲ್ಲಿ ಆಗ ನಾನು ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುತ್ತಿದ್ದೆ. ನಾಲ್ಕನೇ ಇಯತ್ತೆಗೆ ಸಾಲೆ ಬಿಟ್ಟವನು. ಒತ್ತಕ್ಷರ ಬಂದಲ್ಲೆಲ್ಲ ತಡವರಿಸುತ್ತಿದ್ದೆ. ಆದರೂ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಪತ್ತೇದಾರಿ ಕಾದಂಬರಿ ತಂದು ಓದುವ ಚಟ. ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ಅವಳನ್ನು ಕುರುಗೋಡಿಗೆ ಕೊಟ್ಟಿತ್ತು. ನಾಗರಪಂಚಮಿಗೆ ನಾನೇ ಹೋಗಿ ಅವಳನ್ನು ಸಿರುಗುಪ್ಪಕ್ಕೆ, ನಮ್ಮ ಮನೆಗೆ, ಕರೆತರುತ್ತಿದ್ದೆ. ಅವಳು ಉಂಡಿ ಕಟ್ಟುವಾಗ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದೆ.

ಆ ವರ್ಷ ಅವಳ ತೊಡೆಯ ಮೇಲೆ ನಾಲ್ಕೈದು ತಿಂಗಳ ಕೂಸಿತ್ತು. ಉಪ್ಪಿನ ಪ್ರಸಂಗ ಓದಿದಾಗ ಅವಳ ಕೈ ನಿಂತಿತು.

“ನಮ್ಮನಿಯಾಗೂ ಹಿಂಗ ಆಗತೈತಿ,” ಎಂದಳು. “ಎಮ್ಮಿ ಹಗ್ಗ ನಾ ಬಿಗಿದು ಕಟ್ಟಿರ್ತೀನಿ. ಮುಂಜಾನಿ ನೋಡಿದ್ರ ಬಿಚ್ಚಿರ್ತೈತಿ. ಕಾಲುಂಗುರ ಹಿಟ್ಟಿನ ಡಬ್ಬಿಯಾಗ ಸಿಗತೈತಿ. ನಿಮ್ಮ ಭಾವ ನಗತಾನ.”

“ನಿನ್ನ ಕೈಯ ಸಡಿಲ ಬಿಡು. ನೀ ಬಿಗಿದು ಕಟ್ಟಿದ್ದಂದ್ರ ಸಣ್ಣಾಂವಿದ್ದಾಗ ನನ್ನ ಜುಟ್ಟು ಒಂದ.”

ಅವಳು ನಗಲಿಲ್ಲ. “ಓದು ಮುಂದ. ಕೊನಿಗೆ ತಪ್ಪು ಅಕಿದೋ ಅವಂದೋ, ಅದೊಂದು ತಿಳೀಲಿ. ಅವಂದಾದ್ರ ನಾ ಕುರುಗೋಡಿಗೆ ಹೋಗಾಕಿ ಅಲ್ಲ.”

ನಮ್ಮದು ಕೊಟ್ಟು ತರುವ ಸಂಬಂಧ. ನಮ್ಮ ಹುಡುಗಿಯನ್ನು ಅವರಿಗೆ ಕೊಟ್ಟಿದ್ದೆವು, ಅವರ ಹುಡುಗಿಯನ್ನು, ಅಂದರೆ ಭಾವನ ತಂಗಿಯನ್ನು, ನನಗೆ ಕೊಡುವುದೆಂದು ಮಾತಾಗಿತ್ತು. ಶ್ರಾವಣ ಕಳೆದ ಮೇಲೆ ಲಗ್ನ. ಅಕ್ಕ ತವರಲ್ಲೇ ಕೂತರೆ ಅವರು ಹುಡುಗಿಯನ್ನು ಕಳಿಸುವುದಿಲ್ಲ. ನಾನು ಆ ಹುಡುಗಿಯನ್ನು ನೋಡಿದ್ದೆ. ಮನಸ್ಸಿಟ್ಟಿದ್ದೆ.

ಕೊನೆಯ ಅಧ್ಯಾಯವನ್ನು ನಾನು ಬಸ್ಸಿನಲ್ಲೇ ಓದಿ ಮುಗಿಸಿದ್ದೆ. ಆ ಹೆಂಡತಿ ಅಟ್ಟದ ಮೇಲೆ ಅಡಗಿ ಕುಳಿತು ಗಂಡನ ಕೈಚಳಕವನ್ನೆಲ್ಲ ಕಣ್ಣಾರೆ ನೋಡುತ್ತಾಳೆ. ಕೂಸನ್ನು ನೀರಿಗೆ ಹಾಕಿದವನು ಅವನೇ ಎಂಬುದೂ ಗೊತ್ತಾಗುತ್ತದೆ. ಹಾಡಹಗಲೇ ಮನೆ ಬಿಟ್ಟು ನಡೆಯುತ್ತಾಳೆ. ಮರುದಿನ ಮಧ್ಯಾಹ್ನ ಅದೇ ಪುಟ ತೆರೆದು ಸಾಲುಗಳ ಮೇಲೆ ಬೆರಳಾಡಿಸುತ್ತ ನಾನು ಬೇರೆಯದನ್ನೇ ಹೇಳಿದೆ. ಅವಳಿಗೆ ನಿಜವಾಗಿಯೂ ತಲೆ ಕೆಟ್ಟಿತ್ತು. ಕೂಸನ್ನು ನೀರಿಗೆ ಹಾಕಿದ್ದು ಅವಳ ಕೈಗಳೇ. ಗಂಡ ಪಾಪದವನು, ಅಳುತ್ತ ಅವಳನ್ನು ಕಾಯ್ದುಕೊಂಡಿದ್ದ. ಒಂದು ಕಡೆಯೂ ತಡವರಿಸಲಿಲ್ಲ.

“ಇವತ್ತು ಎಷ್ಟು ಚಂದ ಓದಿದ್ಯಲ್ಲೋ ತಮ್ಮಾ,” ಎಂದಳು ಅಕ್ಕ. ತೊಡೆಯ ಮೇಲಿನ ಕೂಸನ್ನೆತ್ತಿ ಚಾಪೆಯ ಮೇಲೆ, ತನ್ನಿಂದ ದೂರ, ಮಲಗಿಸಿದಳು. ಸೆಖೆಗೆ ಇರಬೇಕು ಎಂದುಕೊಂಡೆ. ಹಾಗೆಂದುಕೊಳ್ಳುವುದು ಆಗ ನನಗೆ ಬೇಕಾಗಿತ್ತು.

ಹಬ್ಬ ಮುಗಿಸಿ ಅವಳು ಕುರುಗೋಡಿಗೆ ಹೋದಳು. ನನ್ನ ಲಗ್ನವೂ ಆಯಿತು.

ಹೆಂಡತಿಯನ್ನು ಬಳ್ಳಾರಿಗೆ ಕರೆತಂದು ಸಂಸಾರ ಹೂಡಿದ ಮೇಲೆ ಒಂದು ಸಂಜೆ ಅವಳಿಗೂ ಆ ಕಥೆ ಹೇಳಿದೆ. ಅವಳಿಗೆ ನಿಜವಾದ ಕೊನೆಯನ್ನೇ ಹೇಳಿದೆ. ಹೇಳುತ್ತ ಬರೆದವನನ್ನು ಬೈದೆ.

“ಬರದಾಂವ ನಮ್ಮಣ್ಣನ್ನ ನೋಡ್ಯಾನೇನ್ರಿ?” ಎಂದಳು.

“ಯಾಕ?” ಎಂದೆ.

“ನನ್ನ ಗಾಜಿನ ಬಳಿ ತಾನ ಒಡದು, ನಾನ ಒಡಕೊಂಡೆ ಅಂತ ಅವ್ವನ ಕೈಲೆ ಹೊಡಸತಿದ್ದ. ನಾ ಅಳೂದನ್ನ ಕುಂತು ನೋಡತಿದ್ದ. ಕಡಿಕ್ಕ ನನಗೂ ಅನಸತಿತ್ತು, ನಾನ ಒಡಕೊಂಡೆನೇನೋ ಅಂತ.”

ಮುಂದಿನ ಪಂಚಮಿಗೆ ಅಕ್ಕನನ್ನು ಕರೆಯಲು ಹೋದೆ. ನಡೆಯಲು ಕಲಿತಿದ್ದ ಕೂಸು ಅಕ್ಕನ ಅತ್ತೆಯ ಸೆರಗು ಹಿಡಿದಿತ್ತು. ಅಕ್ಕ ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೂಸು ಅವಳ ಕಡೆ ಹೊರಟಾಗ ತಟ್ಟನೆ ಎದ್ದು ಹಿಂದೆ ಸರಿದಳು.

“ಅತ್ತೀ, ಇದನ್ನ ಹಿಡ್ಕೋರಿ. ನನ್ನ ಕೈಗೆ ಕೊಡಬ್ಯಾಡ್ರಿ.”

ನೀರೆರೆಯುವುದು, ಉಣಿಸುವುದು, ಮಲಗಿಸುವುದು ಎಲ್ಲ ಅತ್ತೆಯದೇ ಎಂದು ಗೊತ್ತಾಯಿತು. ಭಾವ ಮಂಚದ ಮೇಲೆ ಕುಳಿತು ನಗುತ್ತಿದ್ದ.

“ನೋಡಪ್ಪ, ನಾವೇನೂ ಹೇಳಿಲ್ಲ. ತಾನ ತಿಳಕೊಂಡಾಳ. ಶಾಣ್ಯಾಕಿ.”

ಅವನಿಗೆ ವರ್ಷಗಟ್ಟಲೆ ಆಗದ ಕೆಲಸವನ್ನು ನಾನು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದೆ. ಅವನ ಕೆನ್ನೆಗೆ ಹೊಡೆಯಲು ಕೈ ಎದ್ದಿತು. ಯಾವ ಮುಖ ಇಟ್ಟುಕೊಂಡು ಹೊಡೆಯಲಿ? ಅಲ್ಲೇ, ಅವನೆದುರಿಗೇ, ಅಕ್ಕನಿಗೆ ಎಲ್ಲ ಹೇಳಿದೆ. ಪುಸ್ತಕದಲ್ಲಿ ಇದ್ದದ್ದು, ನಾನು ಓದಿದ್ದು, ಯಾಕೆ ಹಾಗೆ ಓದಿದೆ ಎಂಬುದು.

ಅಕ್ಕ ಮೂಲೆಯಿಂದಲೇ ಕೇಳಿದಳು:

“ಆಗ ಸುಳ್ಳು ಓದಿದಿ. ಈಗ ಹೇಳಾಕತ್ತಿದ್ದು ಖರೆ ಅಂತ ಹೆಂಗ ನಂಬ್ಲಿ? ನಿನ್ನ ಮಾತು ನಂಬಿ ಕೂಸಿಗೆ ನೀರು ಹಾಕ್ಲೇನು ನಾನು?”

ನಾನು ಬಳ್ಳಾರಿಗೆ ಹೋಗಿ ಆ ಅಂಗಡಿಯನ್ನೆಲ್ಲ ತಡಕಾಡಿ, ರಟ್ಟು ಹರಿದ ಅದೇ ಪುಸ್ತಕವನ್ನು ತಂದೆ. ಅಕ್ಕ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಎದುರು ಮನೆಯ ಮಾಸ್ತರ ಹೆಂಡತಿಗೆ ಕೊಟ್ಟಳು. “ನೀ ಹೊರಗ ಕುಂದ್ರು,” ಎಂದಳು ನನಗೆ. ಅವರ ಮನೆಯ ಕಟ್ಟೆಯ ಮೇಲೆ ಕುಳಿತೆ. ಒಳಗೆ ಆ ತಾಯಿ ನಿಧಾನವಾಗಿ ಓದುತ್ತಿದ್ದರು. ಅಟ್ಟದ ಭಾಗ ಬಂದಾಗ ಅಕ್ಕ “ಇನ್ನೊಮ್ಮಿ ಓದ್ರಿ ಅಕ್ಕಾರ” ಎಂದದ್ದು ಕೇಳಿಸಿತು. ಅವರು ಮತ್ತೊಮ್ಮೆ ಓದಿದರು.

ಎದುರಿನ ಬಾಗಿಲಲ್ಲಿ ನಿಂತಿದ್ದ ಭಾವ, “ಕಥಿ ಕೇಳಿ ಯಾರರ ಮನಿ ಬಿಡ್ತಾರೇನಲೇ?” ಎಂದ.

ಅಕ್ಕ ಹೊರಗೆ ಬಂದವಳು ನೇರ ಹೋಗಿ ಅತ್ತೆಯ ಕಂಕುಳಿನಿಂದ ಕೂಸನ್ನು ಎತ್ತಿಕೊಂಡಳು. ಅದಕ್ಕೆ ಅವಳ ಗುರುತಿಲ್ಲ, ಚೀರಿ ಅಳತೊಡಗಿತು. ಬಿಡಲಿಲ್ಲ. ಬಟ್ಟೆಬರೆ ಏನನ್ನೂ ತೆಗೆದುಕೊಳ್ಳದೆ ಬಸ್ಸಿನ ಕಡೆ ನಡೆದಳು. ಭಾವ ಏನೇನೋ ಕೂಗಿದ. ಅವನ ತಂಗಿಯನ್ನು ವಾಪಸು ಕಳಿಸಬೇಕೆಂದೂ ಕೂಗಿದ. ನಾನು ತಿರುಗಿ ನೋಡದೆ ಅಕ್ಕನ ಹಿಂದೆ ಹೋದೆ.

ಬಸ್ಸು ಹತ್ತುವಾಗ ಮೆಟ್ಟಿಲು ಎತ್ತರವಾಗಿತ್ತು. ಕೂಸು ಕೊಡು ಎಂದು ಕೈ ಚಾಚಿದೆ. ಅವಳು ನನ್ನ ಕೈಗಳನ್ನು ನೋಡಿ, ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು, ತಾನೇ ಹತ್ತಿದಳು.