ಟೋಪಿಯೊಳಗೆ ಉಳಿದ ಜುಟ್ಟು

ಅದು ಸಾವಿರದ ಒಂಬೈನೂರ ಏಳೋ ಎಂಟೋ, ಖಚಿತವಾಗಿ ಹೇಳಲಾರೆ. ಆ ವರ್ಷ ನಾನು ಲೋವರ್ ಸೆಕೆಂಡರಿ ಪರೀಕ್ಷೆಗೆ ಎರಡನೆಯ ಸಲ ಕಟ್ಟಿದ್ದೆ ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಮೊದಲ ಸಲ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದಿದ್ದೆ. ನಮ್ಮೂರು ನಂಜನಗೂಡು. ಅಲ್ಲೂ ಶಾಲೆ ಇತ್ತು, ಆದರೆ ತಿರುಮಕೂಡಲು ನರಸೀಪುರದ ಮೇಷ್ಟ್ರು ಕಲ್ಲಿಗೂ ಇಂಗ್ಲಿಷ್ ಕಲಿಸುತ್ತಾರೆಂದು ಯಾರೋ ಅಮ್ಮನ ಕಿವಿಗೆ ಹಾಕಿದ್ದರು. ನನಗೆ ತಂದೆ ಇರಲಿಲ್ಲ. "ಈ ಸಲ ಪಾಸಾದ್ರೆ ಆಯ್ತು. ಇಲ್ದಿದ್ರೆ ಸೌಟು ಹಿಡ್ಕೊಂಡು ನಿಮ್ಮ ಮಾವನ ಹಿಂದೆ ಮದುವೆ ಅಡಿಗೆಗೆ ಹೋಗು" ಎಂದು ಹೇಳಿ ಅಮ್ಮ ನನ್ನನ್ನು ಗಾಡಿ ಹತ್ತಿಸಿದಳು.

ಆಗ ನನ್ನಂಥ ಬಡ ಬ್ರಾಹ್ಮಣ ಹುಡುಗರು ಓದುತ್ತಿದ್ದದ್ದು ವಾರಾನ್ನದ ಮೇಲೆ. ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ನನಗೆ ಸೋಮವಾರ ವಕೀಲರ ಮನೆ, ಗುರುವಾರ ಸುಬ್ಬಮ್ಮನವರ ಮನೆ, ಉಳಿದ ದಿನಗಳಿಗೆ ಅಗ್ರಹಾರದ ಬೇರೆ ಮನೆಗಳು. ಸುಬ್ಬಮ್ಮನವರು ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವರು. ಆ ಕಾಲದ ಪದ್ಧತಿಯಂತೆ ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು, ಸೆರಗನ್ನು ಹಣೆಯವರೆಗೆ ಎಳೆದುಕೊಂಡಿರುತ್ತಿದ್ದರು. ಮಡಿಯೆಂದರೆ ಮಡಿ! ನಾನು ಉಂಡೆದ್ದ ಜಾಗವನ್ನು ಗೋಮಯ ಹಾಕಿ ಎರಡೆರಡು ಸಲ ಸಾರಿಸುತ್ತಿದ್ದರು. ಎಲ್ಲ ಮನೆಗಳಿಗಿಂತ ನಾನು ಹೆದರುತ್ತಿದ್ದದ್ದು ಆ ಮನೆಗೆ.

ಮೇಷ್ಟ್ರ ಪಾಠದ ಕ್ರಮವೇ ಬೇರೆ. ಇಂಗ್ಲಿಷಿನ ಕ್ರಿಯಾಪದಗಳಿಗೆ ಬಾಲವುಂಟು ಎನ್ನುತ್ತಿದ್ದರು. 'ಪುಟ್' ಎನ್ನುವುದು ಒಂದೇ ಮಾತು. 'ಆನ್' ಎಂಬ ಬಾಲ ಸೇರಿದರೆ ತೊಟ್ಟುಕೊಳ್ಳುವುದು, 'ಔಟ್' ಸೇರಿದರೆ ದೀಪ ಆರಿಸುವುದು, 'ಡೌನ್' ಸೇರಿದರೆ ಕೆಳಗಿಡುವುದು. ಹೀಗೇಕೆ ಎಂದು ಕೇಳಿದರೆ, "ಅದು ರೂಢಿ ಕಣಯ್ಯಾ. ರೂಢಿನ ಯಾಕೆ ಅಂತ ಕೇಳ್ಬಾರ್ದು, ಮಾಡ್ಬೇಕು" ಎನ್ನುತ್ತಿದ್ದರು. ಮಾಡಿಸಿಯೂ ಮಾಡಿಸುತ್ತಿದ್ದರು. ಒಬ್ಬ ಅಪ್ಪಣೆ ಕೊಡಬೇಕು, ಉಳಿದವರು ಮಾಡಬೇಕು. ಸ್ಟ್ಯಾಂಡ್ ಅಪ್, ಸಿಟ್ ಡೌನ್, ಪುಟ್ ಆನ್ ಎಂದರೆ ಟೋಪಿ ತಲೆಗೆ, ಟೇಕ್ ಆಫ್ ಎಂದರೆ ಟೋಪಿ ಕೈಗೆ. ಒಮ್ಮೆ ಹೊಳೆಯ ದಡಕ್ಕೆ ಕರೆದುಕೊಂಡು ಹೋಗಿ ಹರಿಗೋಲಿಗೆ ಗೆಟ್ ಇನ್, ಗೆಟ್ ಔಟ್ ಮಾಡಿಸಿದರು. ಅಂಬಿಗ ಸ್ವಲ್ಪ ಹೊತ್ತು ನೋಡಿ, "ಅತ್ತೋದೂ ಆಯ್ತು, ಇಳಿಯೋದೂ ಆಯ್ತು ಬುದ್ಧಿ, ದಾಟೋದು ಯಾವಾಗ?" ಎಂದ. ಮೇಷ್ಟ್ರೇ ಮೊದಲು ನಕ್ಕರು. ಅವರಿಗೆ ಮಾಡಿ ತೋರಿಸಲಾಗದೆ ಉಳಿದದ್ದು ಒಂದೇ, 'ಪುಟ್ ಅಪ್ ವಿತ್'. "ಸಹಿಸ್ಕೊಳ್ಳೋದು ಅಂತ ಅರ್ಥ. ಇದಕ್ಕೆ ಅಭಿನಯ ಇಲ್ಲ, ಬಾಯಿಪಾಠ ಮಾಡ್ಕೊಳ್ಳಿ" ಎಂದುಬಿಟ್ಟರು.

ಆ ವರ್ಷ ರಜಕ್ಕೆಂದು ಊರಿಗೆ ಹೋದವನು ವಿಷಮಜ್ವರ ಹಿಡಿದು ಮಲಗಿದೆ. ಜ್ವರ ನೆತ್ತಿಗೇರಿ ಏನೇನೋ ಬಡಬಡಿಸುತ್ತಿದ್ದೆನಂತೆ. ನಂಜನಗೂಡಿನ ಆಸ್ಪತ್ರೆಯಲ್ಲಿ ನನ್ನ ಜುಟ್ಟನ್ನು ಬುಡಸಮೇತ ಕತ್ತರಿಸಿ ತಲೆಯ ಮೇಲೆ ತಣ್ಣೀರು ಬಟ್ಟೆ ಹಾಕಿದರು. ಜೀವ ಉಳಿಯಿತು. ಅಮ್ಮ ಮಾತ್ರ ನನ್ನ ತಲೆ ನೋಡಿ ನೋಡಿ ಅತ್ತಳು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ನರಸೀಪುರದಲ್ಲಿ ವಾರಾನ್ನಕ್ಕಿದ್ದ ಹುಡುಗನೊಬ್ಬ ಮೈಸೂರಿಗೆ ಹೋಗಿ ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಬಂದಿದ್ದ. ಜ್ವರ ಬಂದಿತ್ತು ಎಂದು ಸುಳ್ಳು ಹೇಳಿದ್ದ. ಅದು ಬಯಲಾಗಿ, ಎಲ್ಲ ಮನೆಗಳಲ್ಲೂ ವಾರ ತಪ್ಪಿ, ಅವನು ಊರು ಬಿಟ್ಟಿದ್ದ. ಈಗ ನನಗೆ ನಿಜವಾಗಿಯೂ ಜ್ವರ ಬಂದಿತ್ತು ಎಂದರೆ ಯಾರು ನಂಬುತ್ತಾರೆ?

ನನ್ನ ಕೂದಲು ಬೆರಳಗಲ ಬೆಳೆಯುವವರೆಗೆ ಕಾದು, ಅಮ್ಮ ಮಾವನ ಹೆಂಡತಿ ಜಡೆಗೆ ಸೇರಿಸಿಕೊಳ್ಳುತ್ತಿದ್ದ ಚೌರಿಯಿಂದ ಒಂದು ಎಳೆ ಬಿಡಿಸಿ, ನೆತ್ತಿಯ ಕೂದಲಿಗೆ ಕಪ್ಪು ದಾರದಲ್ಲಿ ಬಿಗಿದು ಗಂಟು ಹಾಕಿದಳು. ಸುತ್ತಲಿನ ಕೂದಲನ್ನು ಕ್ಷೌರದವನು ಎಂದಿನಂತೆ ಬೋಳಿಸಿದ. "ಪರೀಕ್ಷೆ ಮುಗಿಯೋ ತನಕ ತಲೆ ಜೋಪಾನ ಕಣೋ" ಎಂದಳು. ನರಸೀಪುರದಲ್ಲಿ ಊಟಕ್ಕೆ ಕೂತಾಗ ಕತ್ತು ಅಲುಗಿಸದೆ ಉಣ್ಣುತ್ತಿದ್ದೆ. ಶಾಲೆಯಲ್ಲಿ ಅಪ್ಪಣೆ ಕೊಡುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಪ್ಪಣೆ ಕೊಡುವವನು ಟೋಪಿ ತೆಗೆಯಬೇಕಾಗಿರಲಿಲ್ಲವಲ್ಲ! ಮೇಷ್ಟ್ರಿಗೆ ಹುಡುಗ ಚುರುಕಾದನೆಂದು ಸಂತೋಷ.

ಕೆಲವು ವಾರಗಳ ನಂತರ ಶಾಲೆಯ ತನಿಖೆಗೆ ಬಿಳಿಯ ಇನ್ಸ್‌ಪೆಕ್ಟರ್ ದೊರೆ ಬಂದರು. ಊರಿನ ದೊಡ್ಡವರೆಲ್ಲ ಗೋಡೆಯ ಪಕ್ಕದ ಬೆಂಚುಗಳಲ್ಲಿ ಕೂತಿದ್ದರು. ನಮ್ಮ ಸೋಮವಾರದ ವಕೀಲರೂ ಇದ್ದರು. ನಾನು ಗಟ್ಟಿಯಾಗಿ ಅಪ್ಪಣೆ ಕೊಟ್ಟೆ, ಹುಡುಗರು ಎದ್ದರು, ಕೂತರು, ತಿರುಗಿದರು. ದೊರೆಗೆ ಖುಷಿಯಾಯಿತು. ನನ್ನನ್ನು ಹತ್ತಿರ ಕರೆದು, ಈಗ ನಾನು ಹೇಳುತ್ತೇನೆ, ನೀನು ಮಾಡು ಎಂದರು. ಸ್ಟ್ಯಾಂಡ್ ಅಪ್ ಆಯಿತು, ಟರ್ನ್ ರೌಂಡ್ ಆಯಿತು. ಆಮೇಲೆ ನಗುತ್ತಾ, "ಟೇಕ್ ಆಫ್ ಯುವರ್ ಕ್ಯಾಪ್" ಎಂದರು.

ಮೇಷ್ಟ್ರು ಕಣ್ಣಲ್ಲೇ 'ಹೂಂ' ಎಂದರು. ನಾನು ಟೋಪಿಯನ್ನು ಮೆಲ್ಲಗೆ, ನೇರವಾಗಿ ಮೇಲಕ್ಕೆ ಎತ್ತಿದೆ. ಬೆವರಿಗೆ ದಾರ ಯಾವಾಗಲೋ ಸಡಿಲವಾಗಿತ್ತು. ಟೋಪಿಯ ಜೊತೆಗೆ ಜುಟ್ಟೂ ಬಂತು. ಹುಡುಗರೆಲ್ಲ ಗೊಳ್ಳೆಂದರು. ದೊರೆಗೆ ಏನಾಯಿತೆಂದೇ ತಿಳಿಯಲಿಲ್ಲ. "ಪುಟ್ ಇಟ್ ಆನ್, ಪುಟ್ ಇಟ್ ಆನ್" ಎಂದು ಬೆನ್ನು ತಟ್ಟಿದರು. ಬೆಂಚಿನ ಮೇಲಿದ್ದ ವಕೀಲರು ಮಾತ್ರ ನಗಲಿಲ್ಲ.

ಸಂಜೆಯ ಹೊತ್ತಿಗೆ ಸುದ್ದಿ ಅಗ್ರಹಾರದ ಮನೆಮನೆಗೂ ಮುಟ್ಟಿತ್ತು. ಒಂದು ಮನೆಯಲ್ಲಿ "ನಾಳೆಯಿಂದ ಬರ್ಬೇಡಪ್ಪ" ಎಂದರು. ಇನ್ನೊಂದರಲ್ಲಿ ಬಾಗಿಲನ್ನೇ ತೆಗೆಯಲಿಲ್ಲ. "ಹೋದ ವರ್ಷದೋನೂ ಜ್ವರ ಅಂತ್ಲೇ ಹೇಳಿದ್ದ. ನೀನು ಅವನಿಗಿಂತ ಮೇಲೆ, ಚೌರಿ ಕಟ್ಕೊಂಡು ಪಂಕ್ತೀಲಿ ಕೂತೆ!" ಎಂದರು ವಕೀಲರು. ಮೇಷ್ಟ್ರು ನನ್ನ ಪರವಾಗಿ ಹೋಗಿ ಹೇಳಿದರೂ ಯಾರೂ ಕೇಳಲಿಲ್ಲ. ಎರಡು ದಿನ ಅವರೇ ಕೊಟ್ಟ ಅವಲಕ್ಕಿ ತಿಂದುಕೊಂಡಿದ್ದೆ. ಅವರದೇ ದೊಡ್ಡ ಸಂಸಾರ, ಹಾಗೆ ಎಷ್ಟು ದಿನ ನಡೆದೀತು? ಊರಿಗೆ ಹೊರಡುವುದೆಂದು ಬಟ್ಟೆ ಗಂಟು ಕಟ್ಟಿದೆ. ಪರೀಕ್ಷೆ ಹೋಯಿತು, ಸೌಟೇ ಗತಿ ಎಂದು ಅಳು ಬಂತು.

ಅವತ್ತು ಗುರುವಾರ. ಸುಬ್ಬಮ್ಮನವರಿಗೆ ಹೇಳದೆ ಹೋಗುವುದು ಸರಿಯಲ್ಲ ಅನ್ನಿಸಿ ಅವರ ಮನೆಯ ಮುಂದೆ ಬೀದಿಯಲ್ಲೇ ನಿಂತೆ. ಅವರು ಬಾಗಿಲಿಗೆ ಬಂದರು. "ಎಲೆ ಹಾಕಿ ಎಷ್ಟು ಹೊತ್ತಾಯ್ತೋ, ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಗದರಿದರು.

"ಅಜ್ಜಿ, ನನ್ನ ಜುಟ್ಟು..." ಎಂದೆ.

"ಗೊತ್ತು ಕಣೋ. ನೀನು ಊರಿಂದ ಬಂದ ಮೊದಲನೇ ಗುರುವಾರವೇ ಗೊತ್ತು. ಬಡಿಸೋಳು ಬಗ್ಗಿ ಬಡಿಸ್ತಾಳೆ, ಉಣ್ಣೋನ ನೆತ್ತಿ ಅವಳ ಕಣ್ಣಿಗೆ ಬೀಳಲ್ವೇ? ಕತ್ತು ನೋಡಿದ್ರೆ ಕಡ್ಡಿ, ಜ್ವರ ಬಂದೋರ ಕತ್ತು. ಒಳಗೆ ಬಾ."

ಅಷ್ಟರಲ್ಲಿ ಎದುರು ಮನೆಯ ಜಗಲಿಯಿಂದ ವಕೀಲರು ಇಳಿದು ಬಂದರು. "ಸುಬ್ಬಮ್ಮನವರೇ, ನೀವು ಮಡಿ ಹೆಂಗಸರು. ಊರೆಲ್ಲ ನಿಲ್ಲಿಸಿರುವಾಗ ನೀವು ಅವನಿಗೆ ಬಡಿಸಿದರೆ ಹೇಗೆ?" ಎಂದರು. ಅವರ ದನಿಯಲ್ಲಿ ಮರ್ಯಾದೆಯೇ ಇತ್ತು, ಅದನ್ನು ನಾನು ಅಲ್ಲಗಳೆಯಲಾರೆ.

ಸುಬ್ಬಮ್ಮನವರು ಕೈ ಎತ್ತಿ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿಬಿಟ್ಟರು. ಹಾಡುಹಗಲು, ಬೀದಿಯ ಬಾಗಿಲಲ್ಲಿ, ಗಂಡಸರ ಎದುರಿಗೆ. ಬೆಳ್ಳಗಿನ ಬೋಳು ತಲೆ, ಕಿವಿಯ ಮೇಲೆ ಕತ್ತಿ ತಗುಲಿದ್ದ ಒಂದು ಗಾಯ.

"ಹದಿನಾಲ್ಕನೇ ವಯಸ್ಸಿಗೆ ತೆಗೆಸಿದ್ರು. ಮೊಳಕಾಲುದ್ದ ಇತ್ತು. ಕೂದಲಿಲ್ದೋರಿಗೆ ಅನ್ನ ಇಲ್ಲ ಅನ್ನೋದಾದ್ರೆ ನನಗೂ ನಿಲ್ಲಿಸಿ ವಕೀಲರೇ" ಎಂದರು.

ವಕೀಲರು ತಲೆ ತಗ್ಗಿಸಿದರು. ಹಾಗೆಯೇ ತಿರುಗಿ ತಮ್ಮ ಜಗಲಿಗೆ ಹೋದರು. ಸುಬ್ಬಮ್ಮನವರು ಸೆರಗನ್ನು ಮತ್ತೆ ಹಣೆಗೆ ಎಳೆದುಕೊಂಡು, "ಕಾಲು ತೊಳ್ಕೊಂಡು ಬಾ, ಸಾರು ಆರ್ತಾ ಇದೆ" ಎಂದರು. ನಾನು ಉಣ್ಣುತ್ತಾ ಅತ್ತೆ. ಅವರು ನನ್ನ ಕಡೆ ನೋಡಲೇ ಇಲ್ಲ. ಅವತ್ತೂ ಜಾಗವನ್ನು ಎರಡು ಸಲವೇ ಸಾರಿಸಿದರು. ಪರೀಕ್ಷೆ ಮುಗಿಯುವವರೆಗೆ ದಿನವೂ ಅವರ ಮನೆಯಲ್ಲೇ ಊಟ. ಬೇರೆ ಯಾವ ಮನೆಯವರೂ ಮತ್ತೆ ಕರೆಯಲಿಲ್ಲ, ಯಾರೂ ಅಡ್ಡಿಯನ್ನೂ ಮಾಡಲಿಲ್ಲ.

ನಾನು ಪಾಸಾದೆ. ಈಗ ನಾನೂ ಇಂಗ್ಲಿಷ್ ಮೇಷ್ಟ್ರೇ. ನಮ್ಮ ಮೇಷ್ಟ್ರ ಹಾಗೆಯೇ ಹುಡುಗರಿಂದ ಎಲ್ಲವನ್ನೂ ಮಾಡಿಸುತ್ತೇನೆ. ಆದರೆ ಪುಟ್ ಆನ್, ಟೇಕ್ ಆಫ್ ಎರಡಕ್ಕೂ ಟೋಪಿ ಮುಟ್ಟಿಸುವುದಿಲ್ಲ, ಹೆಗಲ ಮೇಲಿನ ವಸ್ತ್ರ ಸಾಕು. ಪ್ರತಿ ವರ್ಷವೂ 'ಪುಟ್ ಅಪ್ ವಿತ್' ಬಂದಾಗ ಯಾವನಾದರೂ ಒಬ್ಬ, "ಮಾಡಿ ತೋರ್ಸಿ ಸಾ" ಎನ್ನುತ್ತಾನೆ. ಆಗ ನನಗೆ ಆ ಬಾಗಿಲು, ಹಿಂದಕ್ಕೆ ಸರಿದ ಆ ಕೆಂಪು ಸೆರಗು, ಅದಕ್ಕಿಂತ ಹೆಚ್ಚಾಗಿ ಅದು ಮತ್ತೆ ಹಣೆಯ ಮೇಲಕ್ಕೆ ಬಂದದ್ದು ಕಣ್ಣಿಗೆ ಕಟ್ಟುತ್ತದೆ. 'ಸಹಿಸಿಕೊಳ್ಳುವುದು' ಎಂದು ಹಲಗೆಯ ಮೇಲೆ ಬರೆದು ಮುಂದಿನ ಪದಕ್ಕೆ ಹೋಗುತ್ತೇನೆ.