ಲಗ್ಗೆ ಮನೆಯ ಏಣಿ

ಲಗ್ಗೆ ಎನ್ನುವ ಪದ ಕಿವಿಗೆ ಬಿದ್ದರೆ ಸಾಕು, ದೊಡ್ಡಮುನಿಯಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಮುಳಬಾಗಿಲು ಬೆಟ್ಟದ ಬುಡದ ಆ ಹಳ್ಳಿಗೆ ಆಕೆ ಸೊಸೆಯಾಗಿ ಬಂದದ್ದೇ ‘ಲಗ್ಗೆ ಮನೆ’ಗೆ. ಹಿಂದೆ ಯಾವುದೋ ಕಾಲದಲ್ಲಿ ಬೆಟ್ಟದ ಮೇಲಿನ ಕೋಟೆಗೆ ಮುತ್ತಿಗೆ ಬಿದ್ದಾಗ, ಮೇಲಿಂದ ಕಲ್ಲು ಸುರಿಯುತ್ತಿದ್ದರೂ ಗೋಡೆಗೆ ಏಣಿ ಚಾಚಿ ಮೊದಲು ಹತ್ತಿದವನು ಈ ಮನೆಯವನಂತೆ. ಹಾಗೆ ಏರಿ ನುಗ್ಗುವುದೇ ಲಗ್ಗೆ. ಆ ಪದ ಮರಾಠಿ ದಂಡಿನವರು ಬಿಟ್ಟುಹೋದದ್ದು ಎಂದು ಕೆಲವರು, ಅಲ್ಲ ನಮ್ಮದೇ ಎಂದು ಕೆಲವರು ಅರಳಿಕಟ್ಟೆಯಲ್ಲಿ ಕೂತು ಹರಟುತ್ತಿದ್ದರು. ಎಲ್ಲಿಂದಲಾದರೂ ಬಂದು ಸಾಯಲಿ! ಹತ್ತಿದವನು ಹೆಣವಾಗಿ ಉರುಳಿದ. ಕೆಳಗೆ ನಿಂತು ‘ಲಗ್ಗೆ, ಲಗ್ಗೆ’ ಎಂದು ಗಂಟಲು ಹರಿದುಕೊಂಡ ಪಟೇಲರ ಹಿರೀಕನಿಗೆ ಕೆರೆ ಕೆಳಗಿನ ಗದ್ದೆ ಇನಾಮಾಯಿತು. ಇವರಿಗೆ ಉಳಿದದ್ದು ಒಂದು ಬಿದಿರೇಣಿ.

ಬಿದಿರು ಹಳತಾದರೆ ಹೊಸದು ಕಟ್ಟುತ್ತಿದ್ದರೇ ಹೊರತು ಆ ಏಣಿಯನ್ನು ಯಾವ ಕೆಲಸಕ್ಕೂ ಮುಟ್ಟುವಂತಿರಲಿಲ್ಲ. ಆಯುಧಪೂಜೆಯ ದಿನ ಗೋಡೆಗೆ ಒರಗಿಸಬೇಕು, ಮನೆಯ ಮಗ ಹತ್ತಬೇಕು, ಬುಡವನ್ನು ಹೆತ್ತವಳೇ ಹಿಡಿಯಬೇಕು.

ಜರ್ಮನಿಯವರ ಯುದ್ಧ ನಡೆಯುತ್ತಿದ್ದ ಕಾಲ. ಕೋಲಾರದಲ್ಲಿ ಪಲ್ಟನ್ನಿಗೆ ಜನ ಸೇರಿಸುತ್ತಿದ್ದರು. ಪಟೇಲ ಕೋದಂಡರಾಮಪ್ಪ ಆಕೆಯ ಒಬ್ಬನೇ ಮಗ ಆವಲಪ್ಪನ ಬೆನ್ನು ತಟ್ಟಿ, “ಲಗ್ಗೆ ಮನೆ ರಕ್ತ ಕಣೋ ನಿಂದು! ನೀನಲ್ದೆ ಇನ್ಯಾರ್ಲಾ ಹೋಗ್ಬೇಕು?” ಎಂದ. ಪೆದ್ದ ಉಬ್ಬಿಹೋಗಿ ಬಟ್ಟೆ ಗಂಟು ಕಟ್ಟಿದ.

“ನಾಳೆ ಹೊರಡ್ತೀನಮ್ಮ. ಏಣಿ ಬುಡ ಹಿಡಿ, ಒಂದ್ಸಲ ಹತ್ತಿ ಇಳೀತೀನಿ.”

“ಪಟೇಲನ ಮಗನಿಗೂ ನಿನ್ನಷ್ಟೇ ವಯಸ್ಸು ಕಣೋ. ಅವನ್ಯಾಕೆ ಹೋಗಲ್ಲ?”

“ಅವ್ರು ಲಗ್ಗೆ ಮನೆಯೋರಲ್ವಲ್ಲಮ್ಮ.”

ದೊಡ್ಡಮುನಿಯಮ್ಮನಿಗೆ ನೆತ್ತಿಗೇರಿತು. ಸೆರಗು ಬಿಗಿದು, ಏಣಿಯನ್ನು ದರದರನೆ ಬೀದಿಯುದ್ದ ಎಳೆದುಕೊಂಡು ಹೋಗಿ ಪಟೇಲನ ಮಹಡಿ ಮನೆಗೆ ಒರಗಿಸಿದಳು. ಮಗ “ಅಮ್ಮಾ, ಅಮ್ಮಾ” ಎನ್ನುತ್ತ ಹಿಂದೆ ಓಡಿಬಂದ. ಊರು ಸೇರಿತು.

“ಪೂಜೆ ಏಣಿನ ಬೀದಿಗೆ ತಂದಿದ್ದೀಯಲ್ಲೇ, ತಲೆ ಕೆಟ್ಟಿದೆಯಾ?” ಎಂದು ಪಟೇಲ ಗದರಿದ.

“ನಿಮ್ ಮಗನ್ನ ಕರೀರಿ ಪಟೇಲ್ರೇ. ಈ ಸಲ ಲಗ್ಗೆ ಅವನು ಹತ್ಲಿ. ಬುಡ ನಾನ್ ಹಿಡ್ಕೋತೀನಿ. ಕೆಳಗ್ ನಿಂತು ಕೂಗೋದು ನಮಗೂ ಬರುತ್ತೆ!”

“ಅವನಿಗೆ... ಮೈಯಲ್ಲಿ ಹುಷಾರಿಲ್ಲ.”

ಮಹಡಿಯ ಕಿಟಕಿಯಲ್ಲಿ ಕಬ್ಬು ಸಿಗಿಯುತ್ತ ನಿಂತಿದ್ದ ಪಟೇಲನ ಮಗ ತಟ್ಟನೆ ಒಳಗೆ ಸರಿದ. ಆವಲಪ್ಪ ಕಿಟಕಿಯನ್ನು ನೋಡಿದ, ಪಟೇಲನನ್ನು ನೋಡಿದ. ಅವನ ಮುಖ ಕೆಂಪಾಯಿತು. ಏಣಿಯನ್ನು ಹೆಗಲಿಗೇರಿಸಿ, “ನಡಿಯಮ್ಮ ಮನೆಗೆ” ಎಂದ. ಮನೆಗೆ ಬಂದವನೇ ಕಟ್ಟಿಟ್ಟಿದ್ದ ಬಟ್ಟೆ ಗಂಟು ಬಿಚ್ಚಿದ.

ಮರುದಿನ ಆಕೆ ಆ ಏಣಿಯನ್ನು ಹಿತ್ತಲ ಹುಣಸೆಮರಕ್ಕೆ ಒರಗಿಸಿದಳು.

“ಹತ್ಲಾ, ಲಗ್ಗೆ!” ಎಂದಳು. ಅವನು ಕಾಯಿ ಬಡಿದು ಇಳಿಯುವವರೆಗೂ ಬುಡದಿಂದ ಕೈ ತೆಗೆಯಲಿಲ್ಲ.