ಮುಖಪುಟದಲ್ಲಿ ತಪ್ಪೊಪ್ಪಿಕೊಂಡ ಹಸನಬ್ಬರು

ತಮ್ಮ ಬರಹದಲ್ಲಿ ಯಾರಾದರೂ ತಪ್ಪು ತೋರಿಸಿದರೆ ಸಂಪಾದಕ ಹಸನಬ್ಬರ ಮುಖ ಅರಳುತ್ತಿತ್ತು. "ಸಿಕ್ಕಿತು ಮಾರಾಯ್ರೇ, ಸಿಕ್ಕಿತು!" ಎಂದು ಮೇಜು ಕುಟ್ಟಿ, ತಪ್ಪು ಹೇಳಿದವರಿಗೆ ಚಹಾ ತರಿಸುತ್ತಿದ್ದರು. ಕಾಪುವಿನಲ್ಲಿ ಅವರು ನಡೆಸುತ್ತಿದ್ದ ನಾಲ್ಕು ಪುಟದ ವಾರಪತ್ರಿಕೆಯಲ್ಲಿ ನಾನು ಎಂಟು ವರ್ಷ ಉಪಸಂಪಾದಕಿಯಾಗಿದ್ದೆ. ಮೂರು ಪುಟ ಸುದ್ದಿ. ನಾಲ್ಕನೆಯದು ಪೂರ್ತಿ ಸುತ್ತಲಿನ ಊರುಗಳ ಚರಿತ್ರೆ. ಅದಕ್ಕಾಗಿ ಭಾನುವಾರವಿಡೀ ಬಸ್ಸಿನಲ್ಲಿ ಅಲೆಯುತ್ತಿದ್ದರು. "ರಾಜರದ್ದು ಬರೆಯಲಿಕ್ಕೆ ಬೇರೆಯವರಿದ್ದಾರೆ. ನಮಗೆ ಅಂಗಡಿ ಇಟ್ಟವರ, ಸೇತುವೆ ಕಟ್ಟಿದವರ ಹೆಸರು ಸಾಕು" ಎನ್ನುತ್ತಿದ್ದರು.

ಒಮ್ಮೆ ಅಜೆಕಾರಿನ ಹತ್ತಿರದ ಬಾವಿಯೊಂದನ್ನು ಅಲ್ಲಿನ ದೊಡ್ಡ ಮನೆತನದ ಯಜಮಾನರು ತೋಡಿಸಿದ್ದೆಂದು ಬರೆದರು. ಆ ವಾರವೇ ಗಿರಿಜಕ್ಕ ಎಂಬ ವೃದ್ಧೆ ಎರಡು ಬಸ್ಸು ಬದಲಿಸಿ ಕಚೇರಿಗೆ ಬಂದರು.

"ಎಂತ ಸಾಹೇಬ್ರೇ, ಯಾರು ಹೇಳಿದ್ದು ನಿಮಗೆ? ಅವರ ಬಾವಿಯ ನೀರು ನಮಗೆ ಕೊಡಲಿಲ್ಲ ಅಂತ ನನ್ನ ಅಮ್ಮ, ಮತ್ತೆ ಆರು ಜನ ಹೆಂಗಸರು ಸೇರಿ ತೋಡಿದ್ದು ಅದು. ಬುಟ್ಟಿಯಲ್ಲಿ ಮಣ್ಣು ಹೊತ್ತವಳು ನಾನು, ನಿಮ್ಮ ಯಜಮಾನರಲ್ಲ!"

ಗಿರಿಜಕ್ಕನಿಗೆ ಚಹಾ ಬಂತು. ಮರುದಿನವೇ ಹಸನಬ್ಬರು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಹೊರಟರು. ಊರಿನ ಹಿರಿಯರನ್ನೆಲ್ಲ ವಿಚಾರಿಸಿ ಏಳೂ ಹೆಸರು ಬರೆದುಕೊಂಡರು. ಮುಂದಿನ ಸಂಚಿಕೆಯ ಮುಖಪುಟದಲ್ಲಿ ದಪ್ಪ ಅಕ್ಷರದ ತಲೆಬರಹ: "ನಾನು ತಪ್ಪು ಬರೆದೆ."

ಮನೆತನಕ್ಕೆ ಸಿಟ್ಟು ಬಂತು. ಹಸನಬ್ಬರ ಊರಚರಿತ್ರೆಯ ಪುಸ್ತಕ ಆ ಮನೆತನದವರದೇ ಸಭಾಂಗಣದಲ್ಲಿ ಬಿಡುಗಡೆಯಾಗುವುದಿತ್ತು. ಯಜಮಾನರ ಮೊಮ್ಮಗ ಫೋನು ಮಾಡಿ, "ಪುಸ್ತಕದಲ್ಲಿ ಆ ಹೆಂಗಸರ ಹೆಸರು ಇದ್ದರೆ ಹಾಲ್ ಇಲ್ಲ" ಎಂದರು. ಆಮಂತ್ರಣ ಹಂಚಿಯಾಗಿತ್ತು. ಹನ್ನೆರಡು ವರ್ಷ ಅಲೆದು ಬರೆದ ಪುಸ್ತಕ. ಹಸನಬ್ಬರು ಕನ್ನಡಕ ಒರೆಸಿ ಹಾಕಿಕೊಂಡರು. ಆಮೇಲೆ, "ಗಿರಿಜಕ್ಕನ ಹತ್ತಿರ ಕೇಳಿ ನೋಡು. ಬಾವಿಯ ಪಕ್ಕ ಜಾಗ ಉಂಟಲ್ವಾ?" ಎಂದರು.

ಬಿಡುಗಡೆಯ ದಿನ ಬಾವಿಯ ಪಕ್ಕದ ಜಾಗ ಸಾಲಲಿಲ್ಲ. ಏಳು ಮನೆಗಳ ಮಕ್ಕಳು, ಮೊಮ್ಮಕ್ಕಳು, ನೆಂಟರು ಎಲ್ಲ ಬಂದಿದ್ದರು. ಪುಸ್ತಕ ಬಿಡುಗಡೆ ಮಾಡಿದ ಗಿರಿಜಕ್ಕ, ತಾಯಿಯ ಹೆಸರಿದ್ದ ಸಾಲನ್ನು ಮೊಮ್ಮಗಳಿಂದ ಮೂರು ಸಲ ಓದಿಸಿದರು. ಮೂರು ಸಲವೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಹಸನಬ್ಬರು.

ಕಳೆದ ವರ್ಷ ಅವರು ಮಣಿಪಾಲದಲ್ಲಿ ಆಸ್ಪತ್ರೆ ಸೇರಿದರೆಂದು ತಿಳಿದು ನೋಡಲು ಹೋದೆ. ಪಕ್ಕದ ಹಾಸಿಗೆಯಲ್ಲಿದ್ದ, ಹೂಡೆ ಎಂಬ ಊರಿನ ಮುದುಕರೊಬ್ಬರು ಹಿಂದಿನ ಕಾಲದಲ್ಲಿ ಹೊಳೆ ದಾಟುತ್ತಿದ್ದ ಕತೆ ಹೇಳುತ್ತಿದ್ದರು. ಹಸನಬ್ಬರು ಔಷಧಿ ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಕಣ್ಣಲ್ಲೇ ನಕ್ಕು, ಕುಳಿತುಕೋ ಎಂದು ಸನ್ನೆ ಮಾಡಿದರು. ಅರ್ಧ ಗಂಟೆ ಕುಳಿತೆ. ಕತೆ ಮುಗಿಯಲಿಲ್ಲ. ತಂದ ಕಿತ್ತಳೆ ಹಣ್ಣು ಇಟ್ಟು ಎದ್ದಾಗ ತಲೆ ಎತ್ತದೆ ಎಡಗೈ ಆಡಿಸಿದರು.

ನಾಲ್ಕು ದಿನಗಳಲ್ಲಿ ಅವರು ತೀರಿಕೊಂಡರು. ನಾನು ನೋಡಲು ಹೋದ ದಿನ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ಆದರೂ ಅಂದು ಆಸ್ಪತ್ರೆಯ ಮೆಟ್ಟಿಲು ಇಳಿಯುವಾಗ ನಾನು ಒಬ್ಬಳೇ ನಗುತ್ತಿದ್ದೆ.